ನೀನು ಹೇಳಬೇಡ ಎಂದಿದ್ದನ್ನು ಹೇಳಿಬಿಟ್ಟೆ

ಶಾರದಿಯ ಅವ್ವನಿಗೆ,

ನೀನಿದ್ದಾಗ ನಿನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, ಈಗ ಕರೆಯಲು ನಾಲಿಗೆ ಹೊರಳುತ್ತಿಲ್ಲ. ನೀನು ಹೋಗಿ ಎರಡು ವರ್ಷವಾಯಿತು. ಇವತ್ತು ನನಗೆ ವಾರದ ರಜೆ. ಶಾರದಿ ಊಟ ಮಾಡಿ ಮಲಗಿದ್ದಾಳೆ. ನಿನಗೊಂದು ವಿಷಯ ಹೇಳಬೇಕಿತ್ತು, ದಿನಾ ನಾಳೆಗೆ ಹಾಕುತ್ತ ಬಂದೆ.

ಆಸ್ಪತ್ರೆಯಲ್ಲಿ ನೀನು ಕೊನೆಯ ಸಲ ನನ್ನ ಕೈ ಹಿಡಿದದ್ದು ನೆನಪಿದೆ. ನೀರು ತರಲೆಂದು ಶಾರದಿಯನ್ನು ಹೊರಗೆ ಕಳಿಸಿ, "ಅಕಿ ಜಡ್ಡಿನ ಸುದ್ದಿ ಯಾರ ಮುಂದೂ ತೆಗಿಬ್ಯಾಡ್ರಿ. ಒಂದು ಮದುವಿ ಆದ್ರ ಎಲ್ಲಾ ಸರಿಹೋಗ್ತೈತಿ" ಅಂದಿದ್ದೆ. ನಾನು ಹೂಂ ಎಂದೆ. ಪಿಯುಸಿ ಓದುತ್ತಿದ್ದ ಹುಡುಗಿ ನಿದ್ದೆ ಬಿಟ್ಟು, ರೇಡಿಯೋದಲ್ಲಿ ತನ್ನ ಬಗ್ಗೆಯೇ ಮಾತಾಡುತ್ತಾರೆಂದು ಹೆದರತೊಡಗಿದ ದಿನದಿಂದ ಓಣಿಯವರಿಗೆ ನೀನು ಹೇಳಿದ್ದು ತಲೆನೋವು ಅಂತ. ಅವಳಿಗೂ ಅಷ್ಟೇ, "ನಿನಗೇನೂ ಆಗಿಲ್ಲವ್ವ." ದಾವಣಗೆರೆಯ ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಶಕ್ತಿಯ ಮಾತ್ರೆ ಅಂತಲೇ ನೀನು ನುಂಗಿಸಿದೆ.

ಈಗ ಬೆಳಿಗ್ಗೆ ಅವಳಿಗೆ ಮಾತ್ರೆ ಕೊಟ್ಟು ಡ್ಯೂಟಿಗೆ ಹೊರಡುವಷ್ಟರಲ್ಲೇ ನನ್ನ ಅರ್ಧ ಜೀವ ಹೋಗಿರುತ್ತದೆ. "ಅಪ್ಪಾ, ಪಕ್ಕದ ಮನಿಯಾಗ ನನ್ನ ಹೆಸರು ಅಂದ್ರಲ್ಲ?" ಇಲ್ಲವ್ವ. "ಈಗ ಅಂದ್ರು." ಇಲ್ಲ ಶಾರದಿ. ಹತ್ತು ಸಲ ಸಮಾಧಾನದಿಂದ ಹೇಳುತ್ತೇನೆ, ಹನ್ನೊಂದನೆಯ ಸಲ ಗದರಿಬಿಡುತ್ತೇನೆ. ನೀನು ಹೇಗೆ ತಾಳಿಕೊಂಡಿದ್ದೆ? ಒಂದು ಮಧ್ಯಾಹ್ನ ಕೊಟ್ಟೂರಿನಲ್ಲಿ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ನಿಂತವನಿಗೆ, ಈ ಬಸ್ಸು ಹರಪನಹಳ್ಳಿಗೆ ಬಾರದೆ ಬೇರೆಲ್ಲಿಗಾದರೂ ಹೋಗಿಬಿಟ್ಟರೆ ಎಷ್ಟು ಚೆನ್ನ ಅನಿಸಿತ್ತು. ಅದನ್ನು ನಿನಗಲ್ಲದೆ ಯಾರಿಗೆ...

ಹೋದ ತಿಂಗಳು ನಿನ್ನ ತಮ್ಮ ಬಸವರಾಜ ಹಿರೇಹಡಗಲಿಯಿಂದ ಗಂಡಿನ ಸುದ್ದಿ ತಂದ. ತಂಬ್ರಹಳ್ಳಿಯವರು, ಹುಡುಗ ಪಂಪ್‌ಸೆಟ್ ರಿಪೇರಿ ಮಾಡುತ್ತಾನಂತೆ. "ನೀವು ಬಾಯಿ ಬಿಡಬ್ಯಾಡ್ರಿ ಮಾವ. ಎರಡು ದಿನ ಮಾತ್ರಿ ನಿಲ್ಲಿಸ್ರಿ. ಅದನ್ನ ನುಂಗಿದ್ರ ಅಕಿ ಕೈ ನಡುಗತಾವ, ನೋಡಿದ್ರ ಅವರು ಕೇಳ್ತಾರ" ಎಂದ. ನಿಲ್ಲಿಸಿದೆ. ಹೌದು, ನಾನೇ ನಿಲ್ಲಿಸಿದೆ.

ಆ ಭಾನುವಾರ ನಿನ್ನ ಹಸಿರು ಸೀರೆಯುಟ್ಟು ಚಹಾ ತಂದಳು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. "ಹುಡುಗಿ ನಮಗ ಒಪ್ಪಿಗಿ ಐತ್ರಿ" ಎಂದು ಹುಡುಗನ ತಾಯಿ ನಕ್ಕರು. ಬಸವರಾಜ ನನ್ನ ತೊಡೆ ಚಿವುಟಿದ. ಆಗ ಶಾರದಿ ನನ್ನನ್ನು ಅಡುಗೆಮನೆಗೆ ಕರೆದಳು.

"ಎರಡು ದಿನದಿಂದ ಯಾಕ ಮಾತ್ರಿ ಕೊಟ್ಟಿಲ್ಲಪ್ಪ?"

ನಾನು ಹೋಳಿಗೆಯ ತಟ್ಟೆಗಳನ್ನು ಜೋಡಿಸತೊಡಗಿದೆ.

"ನನಗ ನಿದ್ದಿ ಬಂದಿಲ್ಲ. ಅಲ್ಲಿಗೆ ಹೋದಮ್ಯಾಲೆ ಯಾರು ಕೊಡ್ತಾರ?"

ಸಿಟ್ಟಿನಿಂದ ಕೇಳಲಿಲ್ಲ ಕಣೇ. ತಿಳಿದುಕೊಳ್ಳಬೇಕು ಅಂತ ಕೇಳಿದಳು. ಇಪ್ಪತ್ತೊಂದು ವರ್ಷದ ಮಗಳ ಮುಖ ನೋಡಲಾಗದೆ ಹೊರಗೆ ಬಂದೆ. ನಿಂತುಕೊಂಡೇ ಹೇಳಿದೆ, "ನಮ್ಮ ಹುಡುಗಿಗೆ ಮನಸ್ಸಿನ ಜಡ್ಡು ಐತ್ರಿ. ನಾಕು ವರ್ಷ ಆತು. ದಿನಾ ಮಾತ್ರಿ ಬೇಕು."

ಹುಡುಗ ನೆಲ ನೋಡಿದ. ಅವನ ತಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಎದ್ದರು. ಹೊರಡುವಾಗ, "ಹೇಳಿದ್ದು ಛಲೋ ಆತ್ರಿ" ಎಂದರು, ಅಷ್ಟೇ. ಮಾಡಿಟ್ಟ ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ. "ಅಕ್ಕಗ ಕೊಟ್ಟ ಮಾತು ಮುರದ್ರಿ ನೀವು" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ ಬಸವರಾಜ ಮತ್ತೆ ಇತ್ತ ಬಂದಿಲ್ಲ.

ಮುರಿದೆ. ಒಪ್ಪಿಕೊಳ್ಳುತ್ತೇನೆ. ನೀನಿದ್ದಿದ್ದರೆ ಹೇಳಗೊಡುತ್ತಿರಲಿಲ್ಲ, ನೀನಿದ್ದಿದ್ದರೆ ಮಾತ್ರೆಯನ್ನೂ ನಿಲ್ಲಿಸಗೊಡುತ್ತಿರಲಿಲ್ಲ, ಅಲ್ಲವೇ? ಸುದ್ದಿ ಓಣಿಗೆಲ್ಲ ಹಬ್ಬಿದೆ. ಶಾರದಿ ನಲ್ಲಿಯ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಈಗ ಅವಳು ಕೇಳಿದರೆ 'ಇಲ್ಲವ್ವ' ಎನ್ನುವಂತೆಯೂ ಇಲ್ಲ. "ಅಂತಾರ, ಅನ್ಲಿ ಬಿಡು" ಎನ್ನುತ್ತೇನೆ. ಹಾಗಂದ ದಿನ ಅವಳು ಮತ್ತೆ ಮತ್ತೆ ಕೇಳುವುದು ಕಡಿಮೆ. ಯಾಕೋ ಗೊತ್ತಿಲ್ಲ. ಡಿಪೋದಲ್ಲೂ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮಧ್ಯಾಹ್ನಕ್ಕೆ ಮುಗಿಯುವ ಕೂಡ್ಲಿಗಿ ಟ್ರಿಪ್ ಕೇಳಿದೆ. ಕೊಟ್ಟರು.

ಅವಳು ಗುಣವಾಗಿದ್ದಾಳೆ ಅಂದುಕೊಳ್ಳಬೇಡ. ಇನ್ನೂ ವರ್ಷಗಟ್ಟಲೆ ಹಿಡಿಯುತ್ತದೆ ಅಂದಿದ್ದಾರೆ ಡಾಕ್ಟರು. ನನಗೋ, ದಣಿವು ಮೂಳೆಗೆ ಇಳಿದಿದೆ. ಆದರೆ ಇನ್ನು ಯಾರ ಸಲುವಾಗಿಯೂ ಅವಳ ಮಾತ್ರೆ ತಪ್ಪಿಸುವುದಿಲ್ಲ. ನಿನಗೆ ಕೊಡುವ ಈ ಮಾತನ್ನಾದರೂ ಉಳಿಸಿಕೊಳ್ಳುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಶಾರದಿ ಎದ್ದು ಬಂದು ಪಕ್ಕದಲ್ಲಿ ಕೂತಳು.

"ಯಾರಿಗೆ ಬರಿಯಾಕತ್ತಿ?"

"ನಿಮ್ಮವ್ವಗ."

ನಗಲಿಲ್ಲ, ಅಳಲೂ ಇಲ್ಲ. ಕಾಗದವನ್ನು ತನ್ನತ್ತ ಎಳೆದುಕೊಂಡು ನೋಡಿದಳು. ಆಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ತನ್ನ ಬಾಯಿಂದ ಬಾರದ ಮಾತನ್ನು ಆಡಿದಳು.

"ನನಗ ಜಡ್ಡು ಐತಿ ಅಂತ ಬರಿ. ಅವ್ವಗ ಹೇಳಬಹುದಲ್ಲ?"

ಹೇಳಬಹುದು ಅಂದೆ. ಬರೆದಿದ್ದೇನೆ. ಓದಿಕೋ.