ಅತ್ತೆಯ ತಲೆಯ ಚಿತ್ರ

ನವಲಗುಂದ
೧೪-೯-೧೯೮೭

ಮಜೀದ ಅವರಿಗೆ ಹೆಂಡತಿ ಖಾದರಬಿಯ ಸಲಾಮು.

ಮುಂಬಯಿಯ ನೀರು ನಿಮಗೆ ಒಗ್ಗಿದೆಯೆಂದುಕೊಂಡಿದ್ದೇನೆ. ಕೆಮ್ಮು ಕಡಿಮೆಯಾಯಿತೇ? ಆಗಿರದಿದ್ದರೆ ನಿಮ್ಮ ಆಸ್ಪತ್ರೆಯ ಯಂತ್ರದ ಕೆಳಗೆ ನೀವೂ ಒಮ್ಮೆ ಮಲಗಿರಿ. ಎದೆಯೊಳಗೆ ಏನಾದರೂ ಉಳಿದಿದ್ದರೆ ಅದು ಹೇಳೀತು. ಇಲ್ಲಿ ನಾನೂ ನಿಮ್ಮ ತಾಯಿಯೂ ಚೆನ್ನಾಗಿದ್ದೇವೆ. ತಾಯಿಯೂ ಎಂದು ಬೇಕೆಂದೇ ಬರೆದೆ.

ಲಕ್ವ ಹೊಡೆದು ಅತ್ತೆಯ ಮಾತು, ಬಲಗೈ ಎರಡೂ ಹೋದ ಮೇಲೆ ನೀವು ಅವರನ್ನು ಕರೆದೊಯ್ದು, ನೀವೇ ನಡೆಸುವ ಯಂತ್ರದಲ್ಲಿ ತಲೆಯ ಚಿತ್ರ ತೆಗೆದಿರಿ. ಮಾತಾಡಿಸಿದಾಗ ಚಿತ್ರದಲ್ಲಿ ಮಿದುಳಿನ ಎಡಭಾಗ ಬೆಳಗಲೇ ಇಲ್ಲ ಅಂದಿರಿ. ಊರಿಗೆ ಬಂದು, ಅವರ ಹಾಸಿಗೆಯ ಬಾಜು ನಿಂತೇ, 'ಅಮ್ಮಾಗ ಇನ್ನ ಏನೂ ತಿಳಿಯಂಗಿಲ್ಲ, ಗ್ವಾಡಿ ಮುಂದ ಮಾತಾಡಿದಂಗ' ಅಂದಿರಿ. ಈಗ ಕಾಗದ ಬರೆದಿದ್ದೀರಿ. ಜಮಖಾನದ ಮಗ್ಗ ಮಾರಿ, ಅವರನ್ನು ಗುಡಗೇರಿಯ ನಿಮ್ಮ ಅಕ್ಕನ ಮನೆಯಲ್ಲಿ ಬಿಟ್ಟು, ನಾನು ಮುಂಬಯಿಗೆ ಬರಬೇಕಂತೆ. ಶುಕ್ರವಾರ ನೀವೇ ಬಂದು ಮಗ್ಗ ಬಿಚ್ಚಿಸುತ್ತೀರಂತೆ.

ಚಿತ್ರದ ಲಕೋಟೆಯನ್ನು ಕುಬೇರಪ್ಪ ಡಾಕ್ಟರಿಗೆ ತೋರಿಸಿದೆ. ಒಳಗೆ ಇಂಗ್ಲಿಷಿನ ಚೀಟಿಯೊಂದಿತ್ತು. ನೀವು ಅದನ್ನು ನಮಗೆ ಓದಿ ಹೇಳಿರಲಿಲ್ಲ. ಕುತ್ತಿಗೆಯ ಎಡಗಡೆಯ ರಕ್ತನಾಳ ಬಹಳ ಕಿರಿದಾಗಿದೆ, ಅದನ್ನು ನೆನಪಿಟ್ಟೇ ಚಿತ್ರ ಓದಬೇಕು ಎಂದು ನಿಮ್ಮ ದೊಡ್ಡ ಡಾಕ್ಟರೇ ಬರೆದಿದ್ದರು. ಕುಬೇರಪ್ಪನವರು ಬಿಡಿಸಿ ಹೇಳಿದರು: 'ಆ ಮಷೀನಿಗೆ ವಿಚಾರ ಕಾಣಂಗಿಲ್ಲ ತಂಗಿ, ರಕ್ತ ಅಷ್ಟ ಕಾಣತೈತಿ. ಮಿದುಳು ಕೆಲಸಾ ಮಾಡಿದ್ರ ಅಲ್ಲಿಗೆ ರಕ್ತ ಹೆಚ್ಚಿಗಿ ಹರೀಬೇಕು. ನಾಳಾನ ಬಿಗದಿದ್ರ ಎಲ್ಲಿಂದ ಹರೀಬೇಕು? ಒಳಗ ಕೆಲಸಾ ನಡದಿದ್ರೂ ಚಿತ್ರದಾಗ ಕಪ್ಪ.' ಕಾಲುವೆಯ ಕೊನೆಯ ಹೊಲದವರಾದ ನಿಮಗೆ ಇದನ್ನು ನಾನು ಹೇಳಿಕೊಡಬೇಕೇ? ನೀರು ಬರಲಿಲ್ಲವೆಂದು ಬಿತ್ತಿದವನೇ ಸತ್ತನೆಂದು ಈ ಊರಲ್ಲಿ ಯಾರೂ ಅಂದಿಲ್ಲ.

ನಿಮ್ಮ ಮನೆಯ ಪದ್ಧತಿ ನಿಮಗೆ ಗೊತ್ತು. ನೇಯ್ಗೆಯ ಲೆಕ್ಕ ಸೊಸೆಗೆ ಮಾತ್ರ, ಬೇರೆ ಮನೆಗೆ ಹೋಗುವ ಮಗಳಿಗಿಲ್ಲ. ಜಮಖಾನದ ನವಿಲಿನ ಚಿತ್ತಾರವನ್ನು ಅತ್ತೆ ನನಗೆ ಅರ್ಧ ಕಲಿಸುವುದರೊಳಗೆ ಲಕ್ವ ಹೊಡೆಯಿತು. ಮೊನ್ನೆ ಅವರನ್ನು ಮಗ್ಗದ ಎದುರು ಕೂರಿಸಿ, ಊಹೆಯ ಮೇಲೆ ನವಿಲಿನ ಕತ್ತು ನೇಯ್ದೆ. ಎಡಗೈ ಚಾಚಿ ನಾಲ್ಕು ಸಾಲು ಕಿತ್ತುಹಾಕಿದರು. ಮತ್ತೆ ನೇಯ್ದೆ, ಮತ್ತೆ ಕಿತ್ತರು. ಮೂರನೆಯ ಸಲ ಎಳೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು, ಹನ್ನೊಂದು. ನಾನು ಒಂಬತ್ತು ಹಿಡಿದಿದ್ದೆ. ನಿಮ್ಮ ಗೋಡೆಗೆ ಲೆಕ್ಕ ಬರುತ್ತದೆ.

ಗೊತ್ತಿಲ್ಲದೆ ಅಂದಿದ್ದರೆ ಕ್ಷಮಿಸುತ್ತಿದ್ದೆ. ಚೀಟಿ ಓದಿಯೂ ಅಂದಿರಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಸಿಟ್ಟು ಮೊದಲ ದಿನವೇ ಮುಗಿಯಿತು, ಈಗ ಉಳಿದಿರುವುದು ಹೇಸಿಗೆ. ನಾನು ಬರುವುದಿಲ್ಲ. ಮಗ್ಗ ಕದಲುವುದಿಲ್ಲ.

ಅಲ್ಲಾಹ್ ನಿಮಗೆ ಆರೋಗ್ಯ ಕೊಡಲಿ. ಬುದ್ಧಿಯನ್ನು ಆಮೇಲೆ ಬೇಡಿಕೊಳ್ಳುತ್ತೇನೆ.

ಖಾದರಬಿ

ತಾ.ಕ.: ಅಂಚೆಗೆ ಹಾಕುವ ಮೊದಲು ಇದಿಷ್ಟನ್ನೂ ಅತ್ತೆಗೆ ಓದಿ ಹೇಳಿದೆ. 'ಶುಕ್ರವಾರ ಮಗಾ ಬರ್ತಾನ, ಬಾಗಲಾ ತೆಗೀಲೇನ್ರಿ?' ಎಂದು ಕೇಳಿದೆ. ಎಡಗೈಯಿಂದ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು, ಪರಗಂಡಸು ಬಂದಾಗ ಎಳೆದುಕೊಳ್ಳುವ ಹಾಗೆ.