ಸೋರುಮೂಗಿಗೆ ಬೆಸುಗೆ ಹಾಕಿದ ಊರಿನಿಂದ

ಕಲ್ಲುಮರಡಿ
ಫೆಬ್ರವರಿ ಮೂವತ್ತು, ೨೧೯೪

ಕೊಳವೆ ಹಾಕಿಸಿದ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನೀವು ನದಿಯಿಂದ ಎಳೆದು ತಂದ ಉಕ್ಕಿನ ಕೊಳವೆಯೇ ಇಂದಿಗೂ ನಮ್ಮೂರಿಗೆ ನೀರು ಬರುವ ಒಂದೇ ದಾರಿ. ಆಳೆತ್ತರದ ಅದನ್ನು ತೇಪೆ ಹಾಕಿ ಹಾಕಿ ಉಳಿಸಿಕೊಂಡಿದ್ದೇವೆ. ಇಲ್ಲಿ ನೆಂಟರ ಮನೆಗೆ ಹೋಗುವವರು ಕುಡಿಯುವ ನೀರನ್ನು ತಾವೇ ಒಯ್ಯುತ್ತಾರೆ; ಕೂಸುಗಳಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಅದೇ ಸ್ನಾನ. ಹನಿ ಚೆಲ್ಲುವುದು ಕಳ್ಳತನಕ್ಕೆ ಸಮ. ಹಾಗಾಗಿ ಹನಿಗಾವಲು ಎಂಬ ಪಡೆಯಿದೆ, ಕೊಳವೆಯುದ್ದಕ್ಕೂ ನಡೆದು ಸೋರಿಕೆ ಮುಚ್ಚುವವರು. ನನ್ನ ತಂಗಿ ಹಂಪವ್ವ ಅದರ ಮುಖ್ಯಸ್ಥೆ.

ಕೊಳವೆ ದಿಬ್ಬ ಹತ್ತುವಲ್ಲೆಲ್ಲ ಅದರ ಬೆನ್ನ ಮೇಲೆ ನೀವೊಂದು ಗಿಡ್ಡ ಮೂತಿ ಕೂರಿಸಿದ್ದೀರಿ. ಬುಸ್ಸೆನ್ನುತ್ತ ನೀರು ಜಿನುಗಿಸುತ್ತಿದ್ದ ಅದನ್ನು ಸೋರುಮೂಗು ಎಂದು ಬೈಯುತ್ತಿದ್ದೆವು. ನೀರಿನ ಬೆಲೆ ಗೊತ್ತಿಲ್ಲದೆ ನೀವು ಬಿಟ್ಟ ತೂತೆಂದೇ ತಿಳಿದಿದ್ದೆವು. ಈ ವರ್ಷ ಹಂಪವ್ವ ಎಲ್ಲ ಮೂಗುಗಳಿಗೂ ಬೆಸುಗೆ ಹಾಕಿಸಿದಳು. ಊರವರು ಅವಳಿಗೆ ಹಾರ ಹಾಕಿದರು.

ನಿನ್ನೆ ಹೂಳು ತೆಗೆಯಲೆಂದು ತಗ್ಗಿನ ತೂಬು ತೆರೆದು ನೀರನ್ನು ತೊಟ್ಟಿಗಳಿಗೆ ಬಿಟ್ಟೆವು. ನೀರು ರಭಸದಿಂದ ಇಳಿಯಿತು. ದಿಬ್ಬದ ಮೇಲೆ ಕೊಳವೆ ನರಳಿತು. ಒಡೆಯುತ್ತದೆಂದು ಎಲ್ಲರೂ ದಿಕ್ಕಾಪಾಲಾಗಿ ಓಡಿದೆವು. ಅದು ಒಡೆಯಲೇ ಇಲ್ಲ. ಹಾಡುಹಗಲೇ, ನಮ್ಮ ಕಣ್ಣೆದುರೇ, ಒಳಕ್ಕೆ ಕುಸಿದು ಚಪ್ಪಟೆಯಾಯಿತು, ಒಂದು ಕೂಗಳತೆಯಷ್ಟು ಉದ್ದಕ್ಕೂ! ಉಕ್ಕು ಹಾಗೆ ಮಡಚಿಕೊಳ್ಳುವುದನ್ನು ನಾನು ಎಂದೂ ಕಂಡಿರಲಿಲ್ಲ.

“ಅಕ್ಕಾ, ಒಂದು ಹನೀನೂ ಸೋರಿಲ್ಲ. ಮತ್ಯಾಕೆ ಹಿಂಗಾತು?” ಎಂದು ಹಂಪವ್ವ ನನ್ನನ್ನೇ ಕೇಳಿದಳು.

ಉತ್ತರ ಆಚೆ ದಿಬ್ಬದಲ್ಲಿ ಸಿಕ್ಕಿತು. ಅಲ್ಲಿನ ಮೂಗಿನ ಬೆಸುಗೆ ಕೊಯ್ದದ್ದೇ ತಡ, ಕೊಳವೆ ಗೊರ್ರೆಂದು ಗಾಳಿ ಎಳೆದುಕೊಂಡಿತು. ಹಂಪವ್ವನ ತಲೆವಸ್ತ್ರವೂ ಒಳಗೆ ಹೋಯಿತು. ನೀರು ಖಾಲಿ ಮಾಡಿದ ಜಾಗಕ್ಕೆ ಗಾಳಿ ಬರಬೇಕಿತ್ತು. ಬಾರದಿದ್ದಾಗ ಹೊರಗಿನ ಗಾಳಿಯೇ ಕೊಳವೆಯನ್ನು ಹಿಸುಕಿಬಿಟ್ಟಿತ್ತು. ನಾವು ಅದರ ಉಸಿರು ಕಟ್ಟಿಸಿದ್ದೆವು.

ಅಂಥ ಕೊಳವೆ ಮಾಡುವ ಕಾರ್ಖಾನೆ ಈಗ ಎಲ್ಲೂ ಇಲ್ಲ. ತೊಟ್ಟಿಯ ನೀರು ಮುಗಿಯುವ ಮೊದಲು ನಾವು ಊರು ಬಿಡಬೇಕು. ಹಂಪವ್ವ ನಿನ್ನೆಯಿಂದ ಯಾರ ಮುಖವನ್ನೂ ನೋಡುತ್ತಿಲ್ಲ.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಕೊಳವೆಯನ್ನು ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತರು, ಎಲ್ಲರ ಹೆಸರನ್ನೂ ದಾರಿಯುದ್ದಕ್ಕೂ ಕಲ್ಲಿನಲ್ಲಿ ಕೆತ್ತಿಸಿದ್ದೀರಿ. ಆ ಮೂಗು ಯಾತಕ್ಕೆಂದು ಮಾತ್ರ ಎಲ್ಲೂ ಹೇಳಿಲ್ಲ. ಈ ಕಾಗದ ನಿಮ್ಮ ಕೈ ಸೇರಿದರೆ, ದಯವಿಟ್ಟು ಪ್ರತಿಯೊಂದು ಮೂಗಿನ ಪಕ್ಕದಲ್ಲೂ ಒಂದು ಸಾಲು ಕೆತ್ತಿಸಿ: ಇದು ಕೊಳವೆಯ ಉಸಿರು, ಮುಚ್ಚಬೇಡಿ.

ಹಂಪವ್ವ ಖಂಡಿತ ಓದುತ್ತಾಳೆ. ನೀವು ಕೆತ್ತಿಸಿದ ಅಷ್ಟೂ ಹೆಸರುಗಳು ಅವಳಿಗೆ ಬಾಯಿಪಾಠ.

ಇತಿ,
ನೀವು ಕಾಣದ ಮರಿಮಗಳು
ಸಂಕವ್ವ