ಐದೇ ಗುಂಡು

ವೆಸ್ಟ್ ವಿಂಡ್ಸರ್

ಚಿ. ಶ್ರೀಕರನಿಗೆ ಮಾವನ ಆಶೀರ್ವಾದ.

ಇಡೀ ನ್ಯೂಜೆರ್ಸಿಯಲ್ಲಿ ಬಂದೂಕಿನ ವಿಷಯ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ಕೌಬಾಯ್ ಶೂಟಿಂಗ್ ಪಂದ್ಯಕ್ಕೆಂದು ಹಳೇ ಮಾದರಿಯ ರಿವಾಲ್ವರ್ ಆರಿಸಿ ಅಡ್ವಾನ್ಸ್ ಕೊಟ್ಟೆ. ಆರು ಗುಂಡಿಗೆ ಜಾಗವಿದೆ, ಆದರೆ ಐದೇ ತುಂಬಬೇಕಂತೆ. "ಗುಂಡಿಗೆ ಬಡಿಯೋ ಹ್ಯಾಮರಿನ ಕೆಳಗಿನ ಜಾಗ ಖಾಲಿ ಇರಲಿ, ಕೈಜಾರಿ ಬಿದ್ದರೆ ಗುಂಡು ಹಾರುತ್ತೆ" ಅಂದ ಅಂಗಡಿಯವನು. ಆರನೆಯ ಜಾಗ ಕೆಟ್ಟಿದೆ ಅಂತ ನನಗೆ ಗುಮಾನಿ. ಬೇರೆ ತೋರಿಸು ಅಂದರೆ ಅದಕ್ಕೂ ಐದೇ ಅಂದ. "ನಿನ್ನಂಥವರನ್ನು ಸಂತೆಯಲ್ಲಿ ಬೇಕಾದಷ್ಟು ನೋಡಿದ್ದೀನಿ, ನಿನ್ನ ಮಾಲೇ ಬೇಡ" ಅಂತ ಎದ್ದು ಬಂದೆ.

ನಿನ್ನೆ ಪಂದ್ಯ ನಡೆಸೋ ಕ್ಲಬ್ಬಿಗೆ ಹೋದರೆ ಅಲ್ಲೂ ಎಲ್ಲರೂ ಐದೇ ತುಂಬುತ್ತಿದ್ದರು. ಅವರೆಲ್ಲ ಅವನ ಕಡೆಯವರೇ ಇರಬೇಕು. ನೀನೊಮ್ಮೆ ಅಂಗಡಿಗೆ ಹೋಗಿ, ನನ್ನ ಹೆಸರೆತ್ತದೆ ಅಡ್ವಾನ್ಸ್ ವಾಪಸ್ ಕೇಳು. ನಿಮ್ಮತ್ತೆಗೆ ಐವತ್ತು ಡಾಲರ್ ಅಂತ ಹೇಳಿದ್ದೇನೆ. ಕೊಟ್ಟಿದ್ದು ನಾನೂರು.

ಇಂತಿ,
ನಿನ್ನ ಮಾವ
ಮರಿಯಪ್ಪ